ಗಡಿಯಿಲ್ಲದ ಮೀನು, ಗಡಿಯುಳ್ಳ ಸರ್ಕಾರಗಳು
(ಉಪನ್ಯಾಸದ ಬರಹರೂಪ)



ಬೆಟ್ಟದ ನಡುವೆ ಕುಳಿತು ಕಡಲಿನ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಸೊಪ್ಪಿನಬೆಟ್ಟಕ್ಕೆ, ಗೋಮಾಳಕ್ಕೆ, ಹಳ್ಳದ ನೀರಿಗೆ ಇರುವ ಪ್ರಶ್ನೆಯೇ ಕಡಲಿನ ಮೀನಿಗೂ ಇದೆ. ಹಲವರಿಗೆ ಸೇರಿದ್ದನ್ನು ಕಾಯುವವರು ಯಾರು, ಅದರಿಂದ ಎಷ್ಟು ತೆಗೆಯಬಹುದು, ತೆಗೆದುದರ ಬೆಲೆ ಯಾರಿಗೆ ಸಲ್ಲಬೇಕು? ಒಂದು ವ್ಯತ್ಯಾಸ ಮಾತ್ರ ಉಂಟು. ಬೆಟ್ಟ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ಸರ್ವೆ ನಂಬರು ಕೊಡಬಹುದು. ಮೀನಿಗೆ ಸರ್ವೆ ನಂಬರಿಲ್ಲ. ಇಂದು ಒಂದು ದೇಶದ ನೀರಿನಲ್ಲಿರುವ ಹಿಂಡು ಮುಂದಿನ ತಿಂಗಳು ಮತ್ತೊಂದು ದೇಶದ ನೀರಿನಲ್ಲಿ, ಅದರ ಮುಂದಿನ ತಿಂಗಳು ಯಾರದೂ ಅಲ್ಲದ ನೀರಿನಲ್ಲಿ ಇರುತ್ತದೆ. ಇಂಥ ಸಂಪತ್ತನ್ನು ಸರ್ಕಾರಗಳು ಒಟ್ಟಾಗಿ ನಿರ್ವಹಿಸಿದ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಇರುವ ಕೆಲವೇ ಉದಾಹರಣೆಗಳಲ್ಲಿ ಅತಿ ಕುತೂಹಲಕರವಾದದ್ದು ಶ್ರೀಮಂತ ರಾಷ್ಟ್ರಗಳದಲ್ಲ. ಅದು ಶಾಂತಸಾಗರದ ನಡುವೆ ಚುಕ್ಕೆಗಳಂತೆ ಹರಡಿರುವ ಎಂಟು ದ್ವೀಪರಾಷ್ಟ್ರಗಳದು.

ಆ ಎಂಟರ ಹೆಸರುಗಳು ಇಂತಿವೆ: ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಮೈಕ್ರೊನೇಷಿಯಾ ಒಕ್ಕೂಟ, ಮಾರ್ಷಲ್ ದ್ವೀಪಗಳು, ಪಲಾವು, ಕಿರಿಬಾಟಿ, ನೌರು ಮತ್ತು ಟುವಾಲು. ಇವುಗಳಲ್ಲಿ ಪಪುವಾ ನ್ಯೂಗಿನಿಯೊಂದೇ ವಿಸ್ತಾರವಾದ ನೆಲವುಳ್ಳ ದೇಶ. ನೌರುವಿನ ಒಟ್ಟು ನೆಲ 21 ಚದರ ಕಿಲೋಮೀಟರ್. ಮಲೆನಾಡಿನ ಎರಡು ಮೂರು ಗ್ರಾಮಗಳನ್ನು ಸೇರಿಸಿದರೆ ಅಷ್ಟಾಗುತ್ತದೆ. ಟುವಾಲು 26 ಚದರ ಕಿಲೋಮೀಟರ್. ಮೂವತ್ತಮೂರು ದ್ವೀಪಗಳ ಕಿರಿಬಾಟಿಯ ನೆಲವೆಲ್ಲ ಸೇರಿದರೂ 811 ಚದರ ಕಿಲೋಮೀಟರ್ ಮಾತ್ರ. ಆದರೆ ಅದೇ ಕಿರಿಬಾಟಿಯ ಅಧಿಕಾರಕ್ಕೆ ಸೇರಿದ ಕಡಲಿನ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರ್. ಇದು ಭಾರತದ ಇಡೀ ಭೂಪ್ರದೇಶಕ್ಕಿಂತ ದೊಡ್ಡದು. ನೆಲದ ಲೆಕ್ಕದಲ್ಲಿ ಬಡವ, ನೀರಿನ ಲೆಕ್ಕದಲ್ಲಿ ಜಮೀನ್ದಾರ.

ಈ ನೀರಿನ ಒಡೆತನ ಬಂದದ್ದು ಇತ್ತೀಚೆಗೆ. 1982ರಲ್ಲಿ ಸಹಿಯಾಗಿ 1994ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ತೀರದಿಂದ 200 ನಾಟಿಕಲ್ ಮೈಲಿಗಳವರೆಗಿನ, ಎಂದರೆ ಸುಮಾರು 370 ಕಿಲೋಮೀಟರ್‌ಗಳವರೆಗಿನ ಕಡಲ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಹಕ್ಕು ನೀಡಿತು. ಇದಕ್ಕೆ ಪ್ರತ್ಯೇಕ ಆರ್ಥಿಕ ವಲಯವೆಂದು ಹೆಸರು. (ಕೈಗಾರಿಕೆಗಳಿಗೆಂದು ಹೊಲಗದ್ದೆ ಕಸಿದುಕೊಂಡ ವಿಶೇಷ ಆರ್ಥಿಕ ವಲಯಕ್ಕೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಬೇರೆ ಸಂಬಂಧವಿಲ್ಲ.) ದೂರ ವಲಸೆ ಹೋಗುವ ಟ್ಯೂನಾದಂಥ ಮೀನುಗಳ ವಿಷಯದಲ್ಲಿ ಸಂಬಂಧಪಟ್ಟ ದೇಶಗಳು ಪರಸ್ಪರ ಸಹಕರಿಸಬೇಕೆಂದು ಅದೇ ಒಪ್ಪಂದದ 64ನೆಯ ವಿಧಿ ಹೇಳುತ್ತದೆ. ಹೇಗೆ ಸಹಕರಿಸಬೇಕೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಕಾನೂನು ಮೌನವಾದ ಆ ಸ್ಥಳದಲ್ಲಿಯೇ ದ್ವೀಪಗಳ ಕಥೆ ಆರಂಭವಾಗುತ್ತದೆ.

ಒಪ್ಪಂದಕ್ಕೆ ಹೆಸರು ಕೊಟ್ಟ ನೌರುವಿನ ಇತಿಹಾಸವನ್ನು ಬೆಟ್ಟದ ಜನ ಕೇಳಲೇಬೇಕು. ಆ ದ್ವೀಪದ ಒಡಲಲ್ಲಿ ಉತ್ಕೃಷ್ಟ ಫಾಸ್ಫೇಟ್ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದ ವಸಾಹತುಶಾಹಿ ಕಂಪನಿಗಳೂ ಅನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಜಂಟಿ ಆಯೋಗವೂ ಅದನ್ನು ಅಗೆದು ಸಾಗಿಸಿದವು. ಆಸ್ಟ್ರೇಲಿಯಾದ ಹೊಲಗಳು ಹಸಿರಾದವು. ನೌರುವಿನ ನಡುಭಾಗ ಸುಣ್ಣಕಲ್ಲಿನ ಮೊನಚು ಕಂಬಗಳ ಬಂಜರಾಯಿತು. 1968ರಲ್ಲಿ ಸ್ವಾತಂತ್ರ್ಯ ಪಡೆದ ಆ ಪುಟ್ಟ ದೇಶ 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಕಟಕಟೆಗೆ ಎಳೆಯಿತು. 1993ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಪಕ್ಕದ ಬನಾಬಾ ದ್ವೀಪದ ಗತಿ ಇನ್ನೂ ದಾರುಣ. ಅಲ್ಲಿನ ಬಹುಪಾಲು ಜನರನ್ನು 1945ರಲ್ಲಿ ದೂರದ ಫಿಜಿಯ ಒಂದು ದ್ವೀಪಕ್ಕೆ ಸಾಗಿಸಿ, 1979ರವರೆಗೆ ಗಣಿಗಾರಿಕೆ ನಡೆಸಲಾಯಿತು. ನೆಲದ ಸಂಪತ್ತು ಹೀಗೆ ಹಡಗು ಹತ್ತಿ ಹೋದುದನ್ನು ಕಂಡವರು, ನೀರಿನ ಸಂಪತ್ತೂ ಹಾಗೆಯೇ ಹೋಗುತ್ತಿರುವುದನ್ನು ಗುರುತಿಸಲು ತಡಮಾಡಲಿಲ್ಲ.

ಶಾಂತಸಾಗರದ ಪಶ್ಚಿಮ ಮತ್ತು ಮಧ್ಯಭಾಗದ ಬೆಚ್ಚನೆಯ ನೀರು ಜಗತ್ತಿನ ಅತಿ ದೊಡ್ಡ ಟ್ಯೂನಾ ನೆಲೆ. ಭೂಮಿಯ ಮೇಲೆ ಹಿಡಿಯುವ ಟ್ಯೂನಾದ ಅರ್ಧಕ್ಕೂ ಹೆಚ್ಚು ಭಾಗ ಅಲ್ಲಿಯದು. ಅದರಲ್ಲಿ ಹೆಚ್ಚಿನದು ಡಬ್ಬಿಗೆ ಸೇರುವ ಸ್ಕಿಪ್‌ಜಾಕ್ ಎಂಬ ಚಿಕ್ಕ ಜಾತಿ. 1980ರ ದಶಕದಲ್ಲಿ ಜಪಾನ್, ಅಮೆರಿಕ, ತೈವಾನ್, ದಕ್ಷಿಣ ಕೊರಿಯಾಗಳ ದೈತ್ಯ ಪರ್ಸೀನ್ ಹಡಗುಗಳು ಅಲ್ಲಿಗೆ ನುಗ್ಗಿದವು. ಪರ್ಸೀನ್ ಎಂದರೆ ಏನೆಂದು ಕನ್ನಡ ಕರಾವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ನಡುವಿನಲ್ಲಿ ಅದು ಮಂಗಳೂರು, ಮಲ್ಪೆಗಳಿಗೆ ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿಸಿತು. ಶಾಂತಸಾಗರದ್ದು ಅದೇ ತತ್ತ್ವ, ಆದರೆ ಬಲೆಯ ಉದ್ದವೇ ಒಂದೂವರೆ ಕಿಲೋಮೀಟರ್ ಮೀರುತ್ತದೆ. ಇಂಥ ಹಡಗಿಗೆ ಪರವಾನಗಿ ನೀಡುವಾಗ ದ್ವೀಪಗಳಿಗೆ ಸಿಗುತ್ತಿದ್ದುದು ಹಿಡಿದ ಮೀನಿನ ಬೆಲೆಯ ಅತ್ಯಲ್ಪ ಭಾಗ. ಕಾರಣ ಸರಳವಾಗಿತ್ತು. ಒಂದು ದ್ವೀಪ ಹೆಚ್ಚು ಕೇಳಿದರೆ ಹಡಗಿನ ಯಜಮಾನ ಪಕ್ಕದ ದ್ವೀಪಕ್ಕೆ ಹೋಗುತ್ತಿದ್ದ. ಮೀನು ಅಲ್ಲಿಗೂ ಬರುತ್ತಿತ್ತು.

1982ರಲ್ಲಿ ಏಳು ದ್ವೀಪ ಸರ್ಕಾರಗಳು ನೌರುವಿನಲ್ಲಿ ಸೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಪಲಾವು, ಮಾರ್ಷಲ್, ಮೈಕ್ರೊನೇಷಿಯಾಗಳು ಆಗ ಇನ್ನೂ ಅಮೆರಿಕದ ಆಡಳಿತದಡಿಯ ನಂಬುಗೆಯ ಪ್ರದೇಶಗಳು, ಪೂರ್ಣ ಸ್ವತಂತ್ರ ದೇಶಗಳಲ್ಲ ಎಂಬುದನ್ನು ಗಮನಿಸಬೇಕು. ಟುವಾಲು 1991ರಲ್ಲಿ ಸೇರಿತು. ಒಪ್ಪಂದದ ಒಡಲು ಚಿಕ್ಕದು: ವಿದೇಶಿ ಹಡಗುಗಳಿಗೆ ಎಲ್ಲರೂ ಒಂದೇ ಬಗೆಯ ಷರತ್ತು ವಿಧಿಸಬೇಕು, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಅಗ್ಗದ ಬೆಲೆಗೆ ಮಾರಬಾರದು.

ಇದನ್ನು ದೊಡ್ಡವರು ಸುಲಭವಾಗಿ ಒಪ್ಪಲಿಲ್ಲ. ಟ್ಯೂನಾ ಓಡಾಡುವ ಮೀನು, ಆದ್ದರಿಂದ ಅದು ಯಾವ ತೀರದೇಶದ ಸ್ವತ್ತೂ ಅಲ್ಲ ಎಂಬುದು ಅಮೆರಿಕದ ವಾದವಾಗಿತ್ತು. 1984ರಲ್ಲಿ ಸಾಲೊಮನ್ ದ್ವೀಪಗಳ ಗಸ್ತು ದೋಣಿಯು ತನ್ನ ನೀರಿನಲ್ಲಿ ಪರವಾನಗಿಯಿಲ್ಲದೆ ಮೀನು ಹಿಡಿಯುತ್ತಿದ್ದ ಜೆನೆಟ್ ಡಯಾನಾ ಎಂಬ ಅಮೆರಿಕದ ಹಡಗನ್ನು ಹಿಡಿದು ತಂದಿತು. ಪ್ರತಿಯಾಗಿ ಅಮೆರಿಕವು ಸಾಲೊಮನ್ ದ್ವೀಪಗಳ ಮೀನಿಗೆ ತನ್ನ ಮಾರುಕಟ್ಟೆಯನ್ನು ಮುಚ್ಚಿತು. ಮರುವರ್ಷ ಕಿರಿಬಾಟಿ ಸೋವಿಯತ್ ಒಕ್ಕೂಟದ ಹಡಗುಗಳಿಗೆ ಪರವಾನಗಿ ಮಾರಿತು. ಶೀತಲ ಸಮರದ ಆ ಕಾಲದಲ್ಲಿ ಈ ಒಂದು ನಡೆ ಹತ್ತು ಮನವಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡಿತು. 1987ರಲ್ಲಿ ಅಮೆರಿಕವು ಶಾಂತಸಾಗರದ 16 ದೇಶಗಳೊಂದಿಗೆ ಒಟ್ಟಾಗಿ ಒಪ್ಪಂದ ಮಾಡಿಕೊಂಡು ಐದು ವರ್ಷಗಳಿಗೆ 6 ಕೋಟಿ ಡಾಲರ್ ಕೊಡಲು ಒಪ್ಪಿತು. ಟ್ಯೂನಾದ ಮೇಲೆ ತೀರದೇಶಗಳಿಗೆ ಹಕ್ಕುಂಟೆಂದು ತನ್ನ ಕಾನೂನನ್ನೇ ಅದು ತಿದ್ದಿಕೊಂಡದ್ದು 1990ರಲ್ಲಿ.

ಹಣ ಬಂತು, ಆದರೆ ಮೀನು ಉಳಿಯುವ ಬಗೆ? 1992ರ ಪಲಾವು ವ್ಯವಸ್ಥೆಯ ಮೂಲಕ ಒಕ್ಕೂಟವು ಪರ್ಸೀನ್ ಹಡಗುಗಳ ಸಂಖ್ಯೆಗೆ ಮಿತಿ ಹಾಕಿತು. ಕೆಲವು ವರ್ಷಗಳಲ್ಲೇ ಆ ಮಿತಿಯ ಟೊಳ್ಳುತನ ಬಯಲಾಯಿತು. ಹಡಗುಗಳ ಸಂಖ್ಯೆ ಹೆಚ್ಚಲಿಲ್ಲ, ಹಡಗುಗಳೇ ದೊಡ್ಡವಾದವು. ಹಿಂಡು ಹುಡುಕಲು ಹೆಲಿಕಾಪ್ಟರ್, ಸೋನಾರ್, ಉಪಗ್ರಹದ ಮಾಹಿತಿ ಬಂದವು. ಮರದ ದಿಮ್ಮಿಯಡಿ ಮೀನು ಸೇರುವ ಸಹಜ ಗುಣವನ್ನು ಬಳಸಿಕೊಂಡು, ಸಂಕೇತ ಕಳುಹಿಸುವ ಯಂತ್ರ ಕಟ್ಟಿದ ತೇಲು ತೆಪ್ಪಗಳನ್ನು ಸಾಗರದ ತುಂಬ ಬಿಡಲಾಯಿತು. ಕೊಡಲಿಗಳ ಸಂಖ್ಯೆಗೆ ಮಿತಿ ಹಾಕಿ ಕಾಡನ್ನು ಉಳಿಸಲು ಹೊರಟಾಗ ಯಂತ್ರದ ಗರಗಸ ಬಂದಂತಾಯಿತು ಸ್ಥಿತಿ.

ಆಗ ಹೊಳೆದ ಉಪಾಯವೇ ಹಡಗು-ದಿನಗಳ ಯೋಜನೆ. 2007ರಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ದ್ವೀಪಗಳು ಮೀನನ್ನೂ ಮಾರುವುದಿಲ್ಲ, ಹಡಗಿಗೆ ವರ್ಷದ ಪರವಾನಗಿಯನ್ನಷ್ಟೇ ನೀಡಿ ಸುಮ್ಮನಾಗುವುದೂ ಇಲ್ಲ, ದಿನಗಳನ್ನು ಮಾರುತ್ತವೆ. ಇಡೀ ಒಕ್ಕೂಟದ ನೀರಿನಲ್ಲಿ ವರ್ಷಕ್ಕೆ ಇಷ್ಟು ದಿನಗಳ ಬೇಟೆ ಎಂದು ಮೊದಲು ಗೊತ್ತುಮಾಡಲಾಗುತ್ತದೆ. ಕಳೆದ ದಶಕದಲ್ಲಿ ಅದು ಸುಮಾರು 45 ಸಾವಿರ ದಿನಗಳ ಆಸುಪಾಸಿನಲ್ಲಿತ್ತು. ಆ ದಿನಗಳನ್ನು ಆಯಾ ದೇಶದ ನೀರಿನಲ್ಲಿರುವ ಮೀನಿನ ಪ್ರಮಾಣ, ಹಿಂದಿನ ಬೇಟೆಯ ಲೆಕ್ಕ ನೋಡಿ ಹಂಚಿಕೊಳ್ಳಲಾಗುತ್ತದೆ. ನ್ಯೂಜಿಲೆಂಡಿನ ಆಡಳಿತದಡಿಯ ಟೊಕೆಲಾವು ಕೂಡ ಇದರಲ್ಲಿ ಪಾಲುಗೊಂಡಿದೆ. 80 ಮೀಟರ್‌ಗಿಂತ ಉದ್ದದ ಹಡಗು ಒಂದು ದಿನ ಬೇಟೆಯಾಡಿದರೆ ಒಂದೂವರೆ ದಿನ ಖರ್ಚಾದಂತೆ. 50 ಮೀಟರ್‌ಗಿಂತ ಚಿಕ್ಕದಾದರೆ ಅರ್ಧ ದಿನ. ಯಾವ ಹಡಗು ಎಲ್ಲಿದೆ ಎಂಬುದನ್ನು ಉಪಗ್ರಹದ ಮೂಲಕ ಗಮನಿಸಲಾಗುತ್ತದೆ.

ಯೋಜನೆಯ ನಿಜವಾದ ಜಾಣ್ಮೆ ಇರುವುದು ಮುಂದಿನ ನಿಯಮದಲ್ಲಿ. ಒಂದು ದೇಶ ತನ್ನ ದಿನಗಳನ್ನು ಇನ್ನೊಂದಕ್ಕೆ ಮಾರಬಹುದು. ಶಾಂತಸಾಗರದಲ್ಲಿ ಎಲ್ ನಿನೊ ವರ್ಷ ಬಂದರೆ ಬೆಚ್ಚನೆಯ ನೀರು ಪೂರ್ವಕ್ಕೆ ಸರಿಯುತ್ತದೆ. ಅದರೊಂದಿಗೆ ಸ್ಕಿಪ್‌ಜಾಕ್ ಹಿಂಡುಗಳು ಸಾವಿರಾರು ಕಿಲೋಮೀಟರ್ ಸರಿದು ಕಿರಿಬಾಟಿಯತ್ತ ಹೋಗುತ್ತವೆ. ಲಾ ನಿನಾ ಬಂದರೆ ಪಪುವಾ ನ್ಯೂಗಿನಿ, ಮೈಕ್ರೊನೇಷಿಯಾಗಳತ್ತ ಮರಳುತ್ತವೆ. ಮೀನಿಲ್ಲದ ವರ್ಷ ಬರಿಗೈಯಲ್ಲಿ ಕೂರುವ ಬದಲು ಆ ದೇಶ ತನ್ನ ದಿನಗಳನ್ನು ಮೀನಿರುವ ದೇಶಕ್ಕೆ ಕೊಟ್ಟು ಹಣ ಪಡೆಯುತ್ತದೆ. ಮಳೆ ಬಾರದ ಸೀಮೆಯವನಿಗೂ ಪಾಲು ಸಿಗುವ ಏರ್ಪಾಡು ಇದು. ಒಕ್ಕೂಟ ಒಡೆಯದೆ ಉಳಿದಿರುವುದಕ್ಕೆ ಸೋದರಭಾವದ ಭಾಷಣಗಳಿಗಿಂತ ಈ ಲೆಕ್ಕಾಚಾರವೇ ಮುಖ್ಯ ಕಾರಣವೆನ್ನಬಹುದು.

ದಿನವೊಂದರ ಕನಿಷ್ಠ ದರವನ್ನೂ ಒಟ್ಟಾಗಿಯೇ ಗೊತ್ತುಮಾಡಿದರು. ಆರಂಭದಲ್ಲಿ ಒಂದೆರಡು ಸಾವಿರ ಡಾಲರ್‌ಗಳಿಗೆ ಹೋಗುತ್ತಿದ್ದ ದಿನದ ಕನಿಷ್ಠ ದರ 2014ರಲ್ಲಿ 6,000 ಡಾಲರ್, 2015ರಲ್ಲಿ 8,000 ಡಾಲರ್ ಆಯಿತು. ಅದಕ್ಕಿಂತ ಹೆಚ್ಚಿಗೂ ಮಾರಾಟವಾಯಿತು. 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಒಕ್ಕೂಟದ ವಾರ್ಷಿಕ ವರಮಾನ ಆ ದಶಕ ಮುಗಿಯುವ ಮೊದಲೇ 50 ಕೋಟಿಯ ಸಮೀಪಕ್ಕೆ ಬಂತು. ಕಿರಿಬಾಟಿಯಂಥ ದೇಶದ ಸರ್ಕಾರ ತನ್ನ ಆದಾಯದ ಅರ್ಧಕ್ಕೂ ಹೆಚ್ಚು ಭಾಗವನ್ನು ಇದರಿಂದಲೇ ಪಡೆಯುತ್ತದೆ. 2016ರ ಆರಂಭದಲ್ಲಿ ಅಮೆರಿಕದ ಹಡಗುಗಳು ಒಪ್ಪಿಕೊಂಡಿದ್ದ ದಿನಗಳ ಹಣ ಕಟ್ಟಲಾಗದೆಂದಾಗ ಅವುಗಳಿಗೆ ಪರವಾನಗಿಯೇ ಸಿಗಲಿಲ್ಲ. ಹಡಗುಗಳು ಬಂದರಿನಲ್ಲಿ ಕಟ್ಟಿಹಾಕಿದ ದನಗಳಂತೆ ನಿಂತವು. ಮೂವತ್ತೆರಡು ವರ್ಷಗಳ ಹಿಂದೆ ಒಂದು ಹಡಗಿಗಾಗಿ ಮಾರುಕಟ್ಟೆ ಮುಚ್ಚಿದ್ದ ದೇಶದ ಹಡಗುಗಳಿವು. ಅದೇ ವರ್ಷದ ಕೊನೆಗೆ ಒಪ್ಪಂದದ ತಿದ್ದುಪಡಿ ಮುಗಿಯಿತು.

ದರದೊಂದಿಗೆ ಷರತ್ತುಗಳೂ ಬಂದವು. ದ್ವೀಪಗಳ ವಲಯಗಳ ನಡುವೆ ಸುತ್ತುವರಿದು ಉಳಿದ, ಯಾರಿಗೂ ಸೇರದ ಎರಡು ಸಾಗರ ತುಣುಕುಗಳಿದ್ದವು. ಕಳ್ಳಬೇಟೆಗೆ ಅವು ಅಡಗುದಾಣ. ಅಲ್ಲಿ ಮೀನು ಹಿಡಿಯುವ ಹಡಗಿಗೆ ತಮ್ಮ ನೀರಿನಲ್ಲಿ ಪರವಾನಗಿಯಿಲ್ಲ ಎಂದು 2008ರಲ್ಲಿ ಒಕ್ಕೂಟ ಹೇಳಿತು. ತನ್ನದಲ್ಲದ ನೀರಿಗೆ ತನ್ನದಾದ ನೀರಿನ ಬಲದಿಂದ ಬೇಲಿ ಹಾಕಿದ ಈ ಕ್ರಮ ಸಮುದ್ರ ಕಾನೂನಿನ ಇತಿಹಾಸದಲ್ಲಿಯೇ ಅಪರೂಪದ್ದು. ವರ್ಷಕ್ಕೆ ಮೂರು ತಿಂಗಳು ತೇಲು ತೆಪ್ಪಗಳ ಬಳಿ ಬಲೆ ಬೀಸುವುದನ್ನು ನಿಷೇಧಿಸಲಾಯಿತು, ಏಕೆಂದರೆ ತೆಪ್ಪದಡಿ ಸ್ಕಿಪ್‌ಜಾಕ್ ಜೊತೆಗೆ ಇತರ ದೊಡ್ಡ ಟ್ಯೂನಾಗಳ ಮರಿಗಳೂ ಸೇರಿರುತ್ತವೆ. 2010ರಿಂದ ಪ್ರತಿ ಪರ್ಸೀನ್ ಹಡಗಿನಲ್ಲೂ ಒಬ್ಬ ವೀಕ್ಷಕ ಇರಬೇಕೆಂಬ ನಿಯಮ ಬಂತು.

ವೀಕ್ಷಕನ ಕೆಲಸ ಹೇಳುವಷ್ಟು ಸುಲಭವಲ್ಲ. ದ್ವೀಪದ ಯುವಕನೊಬ್ಬ ತನ್ನ ಭಾಷೆ ಬಾರದ ಇಪ್ಪತ್ತು ಮೂವತ್ತು ಜನರ ನಡುವೆ ವಾರಗಟ್ಟಲೆ ಒಬ್ಬನೇ ಇರಬೇಕು. ಅವರ ತಪ್ಪುಗಳನ್ನೇ ಬರೆದಿಡಬೇಕು. ಅವರ ಅಡುಗೆಯನ್ನೇ ಉಣ್ಣಬೇಕು. ಅರಣ್ಯದ ಗಡಿ ಕಾಯುವ ವಾಚರ್‌ಗೆ ಕನಿಷ್ಠ ಓಡಿಹೋಗಲು ದಾರಿಯಿರುತ್ತದೆ. 2020ರ ಮಾರ್ಚ್‌ನಲ್ಲಿ ಕಿರಿಬಾಟಿಯ ವೀಕ್ಷಕನೊಬ್ಬ ತೈವಾನ್ ಧ್ವಜದ ಹಡಗಿನ ತನ್ನ ಕೋಣೆಯಲ್ಲಿ ಶವವಾಗಿ ಸಿಕ್ಕ. ಮೊದಲ ಶವಪರೀಕ್ಷೆ ತಲೆಗೆ ಬಿದ್ದ ಪೆಟ್ಟಿನ ಮಾತು ಹೇಳಿತು. ಅನಂತರದ ಅಭಿಪ್ರಾಯ ಸಹಜ ಸಾವೆಂದಿತು. ಕುಟುಂಬ ಅದನ್ನು ಒಪ್ಪಲಿಲ್ಲ. ಡಬ್ಬಿಯ ಮೇಲೆ ಅಂಟಿಸುವ ಪರಿಸರಸ್ನೇಹಿ ಚೀಟಿ ನಿಂತಿರುವುದು ಇಂಥವರ ಬರಹದ ಮೇಲೆ. 2011ರ ಕೊನೆಯಲ್ಲಿ ಒಕ್ಕೂಟದ ಸ್ಕಿಪ್‌ಜಾಕ್‌ಗೆ, ತೆಪ್ಪವಿಲ್ಲದೆ ಹಿಡಿದದ್ದಕ್ಕೆ ಮಾತ್ರ, ಅಂಥ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆಯಿತು.

ದೋಷಗಳಿಲ್ಲವೆಂದಲ್ಲ. ಹಡಗು ಕೆಟ್ಟು ನಿಂತಿತ್ತು, ಬರೀ ದಾಟಿಹೋಗುತ್ತಿತ್ತು ಎಂದು ಹೇಳಿ ದಿನದ ಲೆಕ್ಕ ತಪ್ಪಿಸುವ ಆಟ ಮೊದಲಿನಿಂದಲೂ ಇದೆ. ಮೀನು ದ್ವೀಪಗಳದಾದರೂ ಅದನ್ನು ಡಬ್ಬಿಗೆ ತುಂಬುವ ಕೆಲಸದ ಬಹುಪಾಲು ಥಾಯ್ಲೆಂಡಿನಲ್ಲಿ. ಒಕ್ಕೂಟದ ಸದಸ್ಯರೂ ಒಂದೇ ದಿಕ್ಕಿಗೆ ನಡೆಯುತ್ತಿಲ್ಲ. ಪಲಾವು 2020ರಿಂದ ತನ್ನ ವಲಯದ ಶೇಕಡಾ 80ರಷ್ಟು ನೀರನ್ನು ಮೀನುಗಾರಿಕೆಗೆ ಮುಚ್ಚಿತು. ಇತ್ತ ಕಿರಿಬಾಟಿಯು 2015ರಲ್ಲಿ ವಾಣಿಜ್ಯ ಮೀನುಗಾರಿಕೆಗೆ ಮುಚ್ಚಿದ್ದ ಫೀನಿಕ್ಸ್ ದ್ವೀಪಗಳ ರಕ್ಷಿತ ಕಡಲನ್ನು ಮತ್ತೆ ತೆರೆಯುವುದಾಗಿ 2021ರಲ್ಲಿ ಘೋಷಿಸಿತು. ದಿನ ಮಾರಿ ಬದುಕುವ ದೇಶಕ್ಕೆ ಮುಚ್ಚಿದ ನೀರು ನಷ್ಟವಾಗಿ ಕಾಣುವುದು ಸಹಜ. ಆದರೂ ಆ ಪ್ರದೇಶದ ನಾಲ್ಕು ಮುಖ್ಯ ಟ್ಯೂನಾ ಸಂತತಿಗಳು ಅತಿಬೇಟೆಯಿಂದ ಕುಸಿದಿಲ್ಲ ಎಂಬುದು ವಿಜ್ಞಾನಿಗಳ ಅಂದಾಜು. ಬೇರೆ ಸಾಗರಗಳು ಎಲ್ಲ ಕಾಲದಲ್ಲೂ ಈ ಮಾತನ್ನು ಹೇಳಲಾರವು.

ಹಿಂದೂ ಮಹಾಸಾಗರವನ್ನೇ ನೋಡಬಹುದು. ಇಲ್ಲಿಯೂ ಭಾರತವೂ ಸದಸ್ಯನಾದ ಟ್ಯೂನಾ ಆಯೋಗವೊಂದಿದೆ. ಹಳದಿ ರೆಕ್ಕೆಯ ಟ್ಯೂನಾ ಅತಿಬೇಟೆಗೆ ಒಳಗಾಗಿದೆಯೆಂದು 2015ರಲ್ಲಿಯೇ ಅದರ ವಿಜ್ಞಾನಿಗಳು ಎಚ್ಚರಿಸಿದ್ದರು. 2024ರ ಅಂದಾಜು ಮಾತ್ರ ಸ್ವಲ್ಪ ಸಮಾಧಾನ ತಂದಿತು. ನಡುವೆ 2023ರ ಫೆಬ್ರವರಿಯಲ್ಲಿ ಮೊಂಬಾಸಾದಲ್ಲಿ ಇಂಡೊನೇಷಿಯಾದ ನೇತೃತ್ವದಲ್ಲಿ, ಭಾರತದ ಬೆಂಬಲದೊಂದಿಗೆ, ವರ್ಷಕ್ಕೆ 72 ದಿನ ತೇಲು ತೆಪ್ಪಗಳ ಬಳಕೆ ನಿಲ್ಲಿಸುವ ನಿರ್ಣಯ ಬಹುಮತದಿಂದ ಅಂಗೀಕಾರವಾಯಿತು. ಐರೋಪ್ಯ ಒಕ್ಕೂಟ ಆಕ್ಷೇಪ ಸಲ್ಲಿಸಿತು. ತೀರದೇಶಗಳಲ್ಲೇ ಕೆಲವು ಅದರ ಹಿಂದೆ ಹೋದವು. ಆಕ್ಷೇಪಗಳು ಮೂರನೆಯ ಒಂದು ಭಾಗ ಮೀರಿದ್ದರಿಂದ ನಿರ್ಣಯ ಯಾರನ್ನೂ ಕಟ್ಟಿಹಾಕದ ಕಾಗದವಾಯಿತು. ಇಲ್ಲಿ ದೂರದ ಬೇಟೆಗಾರನೂ ಆಯೋಗದ ಒಳಗೇ ಮತದಾರ. ನೌರು ಒಪ್ಪಂದದಲ್ಲಿ ಆತ ಬಾಗಿಲ ಹೊರಗೆ ನಿಂತ ಗಿರಾಕಿ. ಎರಡು ಸಾಗರಗಳ ಅಂತರವಿರುವುದು ಈ ಒಂದು ಸಂಗತಿಯಲ್ಲಿ.

ಇನ್ನೂ ಹತ್ತಿರಕ್ಕೆ ಬಂದರೆ ಬೂತಾಯಿ. ಕೇರಳ, ಕರ್ನಾಟಕ, ಗೋವಾಗಳ ನೀರಿನಲ್ಲಿ ಸುಳಿದಾಡುವ ಆ ಮೀನಿಗೆ ತಲಪಾಡಿಯ ಗಡಿಕಲ್ಲು ಗೊತ್ತಿಲ್ಲ. ಸಂವಿಧಾನದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿಗಳವರೆಗೆ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆ ಕೇಂದ್ರದ್ದು. ಪಶ್ಚಿಮ ತೀರಕ್ಕೆಲ್ಲ ಜೂನ್ 1ರಿಂದ 61 ದಿನಗಳ ಒಂದೇ ನಿಷೇಧ ಬಂದದ್ದು 2015ರಲ್ಲಿ. ಆಗಲೂ ಕೇರಳ ತನ್ನ ನೀರಿನಲ್ಲಿ ಟ್ರಾಲರ್‌ಗಳಿಗೆ 47 ದಿನಗಳನ್ನೇ ಉಳಿಸಿಕೊಂಡಿತು. ಇನ್ನೊಂದೆಡೆ ಮರಿಮೀನಿನ ಕನಿಷ್ಠ ಗಾತ್ರವನ್ನು ಮೊದಲು ಕಾನೂನಾಗಿಸಿದ್ದು ಕೇರಳ. ಅಲ್ಲಿ ಮಾರಬಾರದ ಮರಿಗೆ ಕರ್ನಾಟಕದ ಮೀನುಹುಡಿ ಕಾರ್ಖಾನೆಗಳು ಗಿರಾಕಿಗಳಾಗುತ್ತಿವೆ ಎಂಬ ದೂರು ಆ ತೀರದಿಂದ ಕೇಳಿಬಂದದ್ದುಂಟು. 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಹಿಡಿದಿದ್ದ ಕೇರಳಕ್ಕೆ 2021ರಲ್ಲಿ ಸಿಕ್ಕದ್ದು ಸುಮಾರು 3,300 ಟನ್. ಇದರಲ್ಲಿ ಕಡಲಿನ ಉಷ್ಣತೆಯ ಪಾಲೆಷ್ಟು, ಬಲೆಯ ಪಾಲೆಷ್ಟು ಎಂಬ ವಾದ ಇರಲಿ. ಮೂರು ರಾಜ್ಯಗಳು ಒಂದೇ ಮೇಜಿನ ಸುತ್ತ ಕುಳಿತು ಒಂದೇ ಹಿಂಡಿಗೆ ಒಂದೇ ಲೆಕ್ಕ ಬರೆಯುವ ಸಂಸ್ಥೆ ಮಾತ್ರ ಪಶ್ಚಿಮ ತೀರದಲ್ಲಿಲ್ಲ. ಒಂದೇ ಭಾಷೆಯಿಲ್ಲದ, ಒಂದೇ ಸಂವಿಧಾನವಿಲ್ಲದ ಎಂಟು ದೇಶಗಳಿಗೆ ಅದು ಸಾಧ್ಯವಾಗಿದೆ.

ಆ ಎಂಟು ದೇಶಗಳ ಮುಂದಿರುವ ಪರೀಕ್ಷೆ ಈಗ ಬೇರೆಯದು. ಸಾಗರ ಕಾದಂತೆ ಟ್ಯೂನಾ ಪೂರ್ವಕ್ಕೆ, ಯಾರಿಗೂ ಸೇರದ ಮುಕ್ತ ಸಾಗರಕ್ಕೆ ಸರಿಯುತ್ತಿದೆ. ಹೊಗೆಯ ಪ್ರಮಾಣ ಹೀಗೆಯೇ ಏರಿದರೆ 2050ರ ವೇಳೆಗೆ ಶಾಂತಸಾಗರದ ಹತ್ತು ದ್ವೀಪರಾಷ್ಟ್ರಗಳ ನೀರಿನಲ್ಲಿ ಪರ್ಸೀನ್ ಹಿಡುವಳಿ ಸರಾಸರಿ ಶೇಕಡಾ 20ರಷ್ಟು ಕುಸಿಯಬಹುದೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ದಿನಗಳನ್ನು ಪರಸ್ಪರ ಕೊಟ್ಟುಕೊಳ್ಳುವ ಉಪಾಯ ಒಕ್ಕೂಟದ ಒಳಗಿನ ಓಡಾಟಕ್ಕೆ ಮದ್ದು. ಮೀನು ಒಕ್ಕೂಟವನ್ನೇ ಬಿಟ್ಟು ಹೋದರೆ ಅದಕ್ಕೆ ಮದ್ದಿಲ್ಲ.

ಇನ್ನೊಂದು ಕಡೆ ನೀರು ಏರುತ್ತಿದೆ. ಟುವಾಲು, ಕಿರಿಬಾಟಿ, ಮಾರ್ಷಲ್‌ಗಳ ನೆಲ ಅಲೆಗಿಂತ ಎರಡು ಮೂರು ಮೀಟರ್ ಎತ್ತರದಲ್ಲಿದೆ, ಅಷ್ಟೇ. ಕಡಲ ಗಡಿಯನ್ನು ತೀರದಿಂದ ಅಳೆಯುವುದು ಕಾನೂನು. ತೀರವೇ ಮುಳುಗಿದರೆ ಎಲ್ಲಿಂದ ಅಳೆಯಬೇಕು? 2021ರ ಆಗಸ್ಟ್‌ನಲ್ಲಿ ಶಾಂತಸಾಗರ ದ್ವೀಪಗಳ ವೇದಿಕೆಯ ನಾಯಕರು ಇದಕ್ಕೆ ಉತ್ತರ ಬರೆದರು. ಒಮ್ಮೆ ಗೊತ್ತುಮಾಡಿ ವಿಶ್ವಸಂಸ್ಥೆಗೆ ಸಲ್ಲಿಸಿದ ಕಡಲ ವಲಯಗಳು, ಸಮುದ್ರಮಟ್ಟ ಏರಿ ತೀರ ಬದಲಾದರೂ ಕುಗ್ಗುವುದಿಲ್ಲ ಎಂಬುದು ಅವರ ಘೋಷಣೆ. ಹೊಗೆ ಉಗುಳಿದವರು ಬೇರೆಯವರಾಗಿರುವಾಗ ಮುಳುಗುವವರು ಮೀನಿನ ಹಕ್ಕನ್ನೂ ಕಳೆದುಕೊಳ್ಳುವುದು ಯಾವ ನ್ಯಾಯವೆಂಬ ಪ್ರಶ್ನೆ ಅದರೊಳಗಿದೆ. ದ್ವೀಪಗಳ ಅಧಿಕಾರಿಗಳು ತಮ್ಮ ಕಡಲ ಗಡಿಯ ಬಿಂದುಗಳನ್ನು ನಕ್ಷೆಗಿಳಿಸಿ, ಅಕ್ಷಾಂಶ ರೇಖಾಂಶಗಳೊಂದಿಗೆ ಕಾನೂನಿನಲ್ಲಿ ಬರೆದಿಡುವ ಕೆಲಸಕ್ಕೆ ವರ್ಷಗಳ ಹಿಂದೆಯೇ ಕೈಹಾಕಿದ್ದಾರೆ, ನೆಲ ಇನ್ನೂ ನೀರಿನ ಮೇಲಿರುವಾಗಲೇ.